ಸುಮ್ಮನಿರುವ ಗಡ್ಡೆ, ಮಾತಾಡುವ ಹುಳು

ಈ ಸಲದ ರಜೆಯಲ್ಲಿ ನಾನು ಊರಿಗೆ ಹೋಗದೆ ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ. ನನ್ನ ತಂಗಿಯ ಸಂಸಾರ ಬ್ರಿಸ್ಬೇನ್ ನಗರದ ದಕ್ಷಿಣಕ್ಕಿರುವ ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿದೆ. ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಘದವರು ಕೇಳಿದಾಗ ಕಡಲ ದಂಡೆ, ಕಾಂಗರೂ, ಅಲ್ಲಿನ ಕನ್ನಡಿಗರ ಮನೆಯ ಊಟ ಎಲ್ಲವೂ ನೆನಪಿಗೆ ಬಂದದ್ದು ನಿಜ. ಆದರೂ ನಾನು ಬರೆಯುತ್ತಿರುವುದು ಒಂದು ಹುಳುವಿನ ಚರಿತ್ರೆ. ಅದಕ್ಕೆ ಕಾರಣ ತಂಗಿಯ ಮನೆಯ ನಾಯಿ.

ಅವಳ ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದ ಕ್ಯಾಲೆಂಡರಿನಲ್ಲಿ ಮೂರು ತಿಂಗಳಿಗೊಂದು ತಾರೀಕಿಗೆ ಕೆಂಪು ಸುತ್ತು. ನಾನಿದ್ದಾಗಲೇ ಅಂಥ ಒಂದು ದಿನ ಬಂತು. ತಂಗಿ ಬೆಣ್ಣೆ ಸವರಿದ ಚಪಾತಿ ಚೂರಿನೊಳಗೆ ಮಾತ್ರೆ ಅಡಗಿಸಿ ನಾಯಿಗೆ ತಿನ್ನಿಸಿದಳು. ಔಷಧದ ಡಬ್ಬಿ ಕಂಡರೆ ಹಿಂದೆ ತಿರುಗಿಸಿ ಓದುವುದು ನನ್ನ ಚಾಳಿ. ಓದಿದೆ: ಪ್ರಾಜಿಕ್ವಾಂಟೆಲ್. ನಮ್ಮ ಆಸ್ಪತ್ರೆಯ ಕಪಾಟಿನಲ್ಲೂ ಇರುವ ಮಾತ್ರೆ. "ನಾಯಿಗೆ ಯಾಕೇ ಇದು?" ಅಂದೆ. "ಲಾಡಿಹುಳುವಿಗೆ ಅಕ್ಕಾ. ಇಲ್ಲಿ ನಾಯಿ ಸಾಕಿದವರೆಲ್ಲ ಕೊಡ್ತಾರೆ. ಇಲ್ಲದಿದ್ರೆ ಮನುಷ್ಯರಿಗೆ ಅದೇನೋ ಹೈಡಾಟಿಡ್ ಬರುತ್ತಂತೆ" ಅಂದಳು.

ಆ ಹೆಸರು ಕೇಳಿದ ಕೂಡಲೇ ನನಗೆ ನೆನಪಾದವನು ಕೊಪ್ಪಳ ಕಡೆಯ ಒಬ್ಬ ಹುಡುಗ. ಹುಡುಗ ಅಂದರೆ ಮೂವತ್ತು ದಾಟಿದವನೇ. ಇಲ್ಲಿ ಒಂದು ಫಾರ್ಮ್‌ನಲ್ಲಿ ಕುರಿ ನೋಡಿಕೊಳ್ಳುವ ಕೆಲಸ. ಹೊಟ್ಟೆಯ ಬಲಗಡೆ ಭಾರ ಎಂದು ಸ್ಕ್ಯಾನ್ ಮಾಡಿಸಿದಾಗ ಯಕೃತ್ತಿನಲ್ಲಿ ಎಂಟು ಸೆಂಟಿಮೀಟರಿನ ನೀರುಗಡ್ಡೆ ಸಿಕ್ಕಿತ್ತು. ಡಾಕ್ಟರು ಆಲ್ಬೆಂಡಜೋಲ್ ಬರೆದಿದ್ದರು, ದಿನಕ್ಕೆ ಎರಡು ಹೊತ್ತು, ತಿಂಗಳುಗಟ್ಟಲೆ. ಮಾತ್ರೆ ಎಣಿಸಿ ಕೊಟ್ಟವಳು ನಾನು. ಪೊಟ್ಟಣದ ಮೇಲೆ 'ಊಟದ ನಂತರ' ಎಂದು ಚೀಟಿ ಅಂಟಿಸಿದೆ, ಸಾಲಿನಲ್ಲಿ ಮುಂದಿನವರನ್ನು ಕರೆದೆ. ಮೂರು ವಾರ ನುಂಗಿ ನಿಲ್ಲಿಸಿಬಿಟ್ಟ. ಐದು ತಿಂಗಳ ಮೇಲೆ ಜ್ವರ, ನೋವು ಎಂದು ಮತ್ತೆ ಬಂದಾಗ ಗಡ್ಡೆ ದೊಡ್ಡದಾಗಿತ್ತು. ಆಪರೇಷನ್ ಆಗಬೇಕಾಯಿತು. ಯಾಕಪ್ಪ ನಿಲ್ಲಿಸಿದೆ ಅಂದರೆ, "ನೋವ ಇರ್ಲಿಲ್ರಿ ಅಕ್ಕಾರ. ಹುಳದ ಗುಳಿಗಿ ಒಂದ ನುಂಗಿದ್ರ ಸಾಕಲ್ರಿ, ಸಾಲ್ಯಾಗ ಒಂದ ಕೊಡ್ತಿದ್ರು" ಅಂದ. ತಪ್ಪು ಅವನದಲ್ಲ. ಶಾಲೆಯಲ್ಲಿ ಒಂದೇ ಮಾತ್ರೆಗೆ ಮುಗಿಯುವ ಹುಳುವಿಗೂ ಅವನ ಹೊಟ್ಟೆಯೊಳಗಿದ್ದ ಹುಳುವಿಗೂ ಏನು ವ್ಯತ್ಯಾಸ ಎಂದು ಎರಡು ನಿಮಿಷ ಹೇಳಬೇಕಾದವಳು ನಾನು, ಹೇಳಿರಲಿಲ್ಲ. ಅದರ ಜೊತೆಗೆ ಅವನ ಕೆಲಸದ ಕಡೆಯವರು "ಇದು ನೀನು ಇಂಡಿಯಾದಿಂದ ತಂದ ಕಾಯಿಲೆ" ಎಂದು ಅಂದಿದ್ದರು. ಗಡ್ಡೆಗಿಂತ ಆ ಮಾತೇ ಅವನನ್ನು ಹೆಚ್ಚು ಹೆದರಿಸಿತ್ತು.

ನೋವಿಲ್ಲದಿದ್ದರೆ ರೋಗವಿಲ್ಲವೇ? ಎಲ್ಲಿಂದ ಬಂತು ಎಂದು ಅಷ್ಟು ಖಚಿತವಾಗಿ ಹೇಳಲು ಬರುತ್ತದೆಯೇ? ತಂಗಿಯ ಮನೆಯಲ್ಲಿ ಕೂತು ನಾನು ಓದಿದ್ದು ಈ ಎರಡು ಪ್ರಶ್ನೆ ಇಟ್ಟುಕೊಂಡು.

ಮೊದಲು ಹುಳುವಿನ ಪರಿಚಯ. ಲಾಡಿಹುಳು ಅಂದರೆ ಮಾರುಗಟ್ಟಲೆ ಉದ್ದದ್ದು ಎಂದು ನಾವು ತಿಳಿದಿದ್ದೇವೆ. ಎಕಿನೋಕಾಕಸ್ ಗ್ರಾನುಲೋಸಸ್ ಎಂಬ ಈ ಲಾಡಿಹುಳು ಅಕ್ಕಿಕಾಳಿನಷ್ಟೂ ಬೆಳೆಯುವುದು ಅಪರೂಪ, ಕೆಲವೇ ಮಿಲಿಮೀಟರ್. ಅದರ ಮನೆ ನಾಯಿಯ ಸಣ್ಣ ಕರುಳು. ಒಂದೊಂದು ನಾಯಿಯಲ್ಲಿ ಸಾವಿರಗಟ್ಟಲೆ ಇರಬಹುದು, ನಾಯಿಗೆ ಏನೂ ಆಗುವುದಿಲ್ಲ. ಮೊಟ್ಟೆ ನಾಯಿಯ ಹೇಲಿನಲ್ಲಿ ಹೊರಬೀಳುತ್ತದೆ. ಹುಲ್ಲಿನ ಜೊತೆ ಕುರಿ ಅದನ್ನು ತಿಂದರೆ ಮರಿಹುಳು ಕರುಳು ಕೊರೆದು ರಕ್ತ ಸೇರಿ ಯಕೃತ್ತಿಗೋ ಶ್ವಾಸಕೋಶಕ್ಕೋ ಹೋಗಿ ನೀರು ತುಂಬಿದ ಗಡ್ಡೆಯಾಗುತ್ತದೆ. ಆ ಗಡ್ಡೆಯ ಒಳಗೋಡೆಯಲ್ಲಿ ನೂರಾರು ಹುಳುತಲೆಗಳು ಮೊಳೆಯುತ್ತವೆ. ಕುರಿ ಕೊಯ್ದವರು ಆ ಯಕೃತ್ತನ್ನು ನಾಯಿಗೆ ಎಸೆದರೆ ಚಕ್ರ ಪೂರ್ತಿ. ಮನುಷ್ಯ ಈ ಚಕ್ರದಲ್ಲಿ ದಾರಿ ತಪ್ಪಿ ಬಂದವನು. ನಾಯಿಯ ಮೈ ಸವರಿದ ಕೈ, ತೊಳೆಯದ ಸೊಪ್ಪು, ಕೊಳೆಯಾದ ನೀರು ಇವುಗಳಿಂದ ಮೊಟ್ಟೆ ಹೊಟ್ಟೆಗೆ ಹೋದರೆ ಕುರಿಗೆ ಆದದ್ದೇ ನಮಗೂ ಆಗುತ್ತದೆ. ಮಾಂಸ ಮುಟ್ಟದವರಿಗೂ ಬರುತ್ತದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕುರಿಮಾಂಸ ತಿಂದದ್ದರಿಂದ ಇದು ಬರುವುದೂ ಇಲ್ಲ.

ಯಕೃತ್ತಿನ ನೀರುಗಡ್ಡೆಯ ಮಾತು ಗ್ರೀಸಿನ ಹಿಪೋಕ್ರೇಟಸನ ಕಾಲದ ಬರಹಗಳಲ್ಲೇ ಇದೆ. ಅದರೊಳಗಿರುವುದು ಜೀವವುಳ್ಳ ಹುಳು ಎಂದು ಗೊತ್ತಾಗಲು ಎರಡು ಸಾವಿರ ವರ್ಷ ಹಿಡಿಯಿತು. 1782ರಲ್ಲಿ ಜರ್ಮನಿಯ ಗೋಟ್ಸೆ ಎಂಬ ಪಾದ್ರಿ ಗಡ್ಡೆಯ ನೀರಿನಲ್ಲಿ ಲಾಡಿಹುಳುವಿನ ತಲೆಗಳನ್ನು ಗುರುತಿಸಿದರು. 1850ರ ದಶಕದ ಆರಂಭದಲ್ಲಿ ಫಾನ್ ಸೀಬೋಲ್ಡ್ ಕುರಿಯ ಗಡ್ಡೆಯನ್ನು ನಾಯಿಗಳಿಗೆ ತಿನ್ನಿಸಿ ಅವುಗಳ ಕರುಳಿನಲ್ಲಿ ಹುಳು ಬೆಳೆದದ್ದನ್ನು ತೋರಿಸಿದರು. ಅಲ್ಲಿಯವರೆಗೆ ಕುರಿಯ ಗಡ್ಡೆ ಬೇರೆ, ನಾಯಿಯ ಹುಳು ಬೇರೆ ಎಂದೇ ಜನ ನಂಬಿದ್ದರು.

ಇನ್ನು ಆಸ್ಟ್ರೇಲಿಯಾ. ಆ ಖಂಡದಲ್ಲಿ ಈ ಹುಳು ಮೊದಲು ಇರಲಿಲ್ಲ. 1788ರಿಂದ ಮುಂದೆ ನೆಲೆಸಲು ಬಂದ ಯುರೋಪಿನವರ ಕುರಿ, ನಾಯಿಗಳ ಹೊಟ್ಟೆಯಲ್ಲಿ ಅದೂ ಹಡಗು ಇಳಿಯಿತು. ಕುರಿ ಹೆಚ್ಚಿದಂತೆ ಗಡ್ಡೆಯೂ ಹೆಚ್ಚಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ದಕ್ಷಿಣ ಆಸ್ಟ್ರೇಲಿಯಾ, ವಿಕ್ಟೋರಿಯಾ ಕಡೆಯ ಆಸ್ಪತ್ರೆಗಳಿಗೆ ಇದು ದಿನನಿತ್ಯದ ರೋಗವಾಗಿತ್ತು. ಅಡಿಲೇಡಿನಲ್ಲಿದ್ದ ಜಾನ್ ಡೇವಿಸ್ ಥಾಮಸ್ ಎಂಬ ವೈದ್ಯರು ಇದರ ಬೆನ್ನು ಹತ್ತಿದರು. 1884ರಲ್ಲಿ ಆಸ್ಟ್ರೇಲಿಯಾದ ಹೈಡಾಟಿಡ್ ರೋಗದ ಬಗ್ಗೆ ಒಂದು ಇಡೀ ಪುಸ್ತಕ ಬರೆದರು. ಮನುಷ್ಯನ ಗಡ್ಡೆಯಿಂದ ತೆಗೆದದ್ದನ್ನು ನಾಯಿಗೆ ತಿನ್ನಿಸಿ ಹುಳು ಬೆಳೆಸಿ, ಆ ವಿವರವನ್ನು 1885ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದರು. ನಾಯಿ, ಕುರಿ, ಮನುಷ್ಯ ಮೂವರಲ್ಲೂ ಇರುವುದು ಒಂದೇ ಹುಳು ಎಂದು ಅಲ್ಲಿನ ಜನಕ್ಕೆ ಒಪ್ಪಿಸಲು ಅವರು ಪಟ್ಟ ಪಾಡು ಓದಿದರೆ ನಮ್ಮ ಕಾಲದ ಆರೋಗ್ಯ ಇಲಾಖೆಯವರೇ ನೆನಪಾಗುತ್ತಾರೆ.

ತಂದವರು ಯಾರು ಎಂದು ಕೇಳಿದರೆ ಆ ದೇಶದಲ್ಲಿ ಉತ್ತರ ಸುಲಭ, ಬಂದು ನೆಲೆಸಿದವರೇ. ಆದರೆ ಹುಳು ಅವರ ದೊಡ್ಡಿಯಲ್ಲೇ ಉಳಿಯಲಿಲ್ಲ. ಅಲ್ಲಿನ ಡಿಂಗೋ ಎಂಬ ಕಾಡುನಾಯಿಗೂ ವಾಲಬಿ, ಕಾಂಗರೂಗಳಿಗೂ ಅಂಟಿಕೊಂಡಿತು. ಇವತ್ತಿಗೂ ಕ್ವೀನ್ಸ್‌ಲ್ಯಾಂಡಿನ ಬೆಟ್ಟಸಾಲಿನ ಕಾಡುಗಳಲ್ಲಿ ಆ ಎರಡನೆಯ ಚಕ್ರ ಕುರಿಯ ಹಂಗಿಲ್ಲದೆ ತಿರುಗುತ್ತಿದೆ. ತಂಗಿಯ ಕ್ಯಾಲೆಂಡರಿನ ಕೆಂಪು ಸುತ್ತಿನ ಹಿಂದಿರುವುದು ಈ ಕಥೆ.

ಗೆದ್ದ ಊರುಗಳೂ ಇವೆ. ಐಸ್‌ಲ್ಯಾಂಡಿನಲ್ಲಿ ಒಂದು ಕಾಲಕ್ಕೆ ಈ ರೋಗ ಮನೆಮನೆಯದಾಗಿತ್ತು. ಡೆನ್ಮಾರ್ಕಿನ ಕ್ರಾಬೆ ಎಂಬ ವಿಜ್ಞಾನಿ 1863ರಲ್ಲಿ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ, ಜನರಿಗಾಗಿ ಒಂದು ಸಣ್ಣ ಪುಸ್ತಿಕೆ ಬರೆದರು. ಅದನ್ನು ಊರೂರಿಗೆ ಹಂಚಿದರು. ಚಳಿಗಾಲದ ಉದ್ದ ರಾತ್ರಿಗಳಲ್ಲಿ ಓದುವ ಜನ ಅದು, ಓದಿದರು. ಕುರಿಯ ಒಳಾಂಗ ನಾಯಿಗೆ ಹಾಕುವುದನ್ನು ಬಿಟ್ಟರು. ಮುಂದಿನ ತಲೆಮಾರುಗಳಲ್ಲಿ ರೋಗ ಇಳಿಯುತ್ತ ಹೋಗಿ ನಿಂತೇ ಹೋಯಿತು. ಒಂದು ಮಾತ್ರೆಯೂ ಇಲ್ಲದ ಕಾಲದ ಮಾತು ಇದು.

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪ 1960ರ ದಶಕದಲ್ಲಿ ಅದೇ ದಾರಿ ಹಿಡಿಯಿತು. ಅಲ್ಲಿನ ಒಂದು ವಿವರ ಓದಿ ನಾನು ಎದ್ದು ಕೂತೆ. ಪ್ರಾಜಿಕ್ವಾಂಟೆಲ್ ಬಂದದ್ದು 1970ರ ದಶಕದಲ್ಲಿ. ಅದಕ್ಕೂ ಮೊದಲು ನ್ಯೂಜಿಲೆಂಡಿನಲ್ಲಿ, ಟಾಸ್ಮೇನಿಯಾದಲ್ಲಿ ನಾಯಿಗಳಿಗೆ ಕೊಡುತ್ತಿದ್ದ ಔಷಧ ಅರೆಕೋಲಿನ್. ಅರೆಕೋಲಿನ್ ಅಂದರೆ ನಮ್ಮ ಅಡಿಕೆಯ ಸತ್ವ! ನಮ್ಮ ಚನ್ನಗಿರಿ, ಶಿವಮೊಗ್ಗ, ಪುತ್ತೂರಿನ ತೋಟದವರಿಗೆ ಈ ಸುದ್ದಿ ಗೊತ್ತಿದೆಯೋ ಇಲ್ಲವೋ. ಊರಿನ ನಾಯಿಗಳನ್ನೆಲ್ಲ ಒಂದು ಬಯಲಿಗೆ ತರಿಸಿ ಸಾಲಾಗಿ ಕಟ್ಟಿ ಔಷಧ ಕುಡಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ನಾಯಿಗೆ ಜೋರು ಭೇದಿ. ಅದರಲ್ಲಿ ಹುಳು ಇದೆಯೇ ಎಂದು ಹುಡುಕಿ ಲೆಕ್ಕ ಬರೆಯುತ್ತಿದ್ದರು. ತನ್ನ ನಾಯಿಯ ಹುಳು ಊರವರ ಕಣ್ಣಿಗೆ ಬಿದ್ದ ಮೇಲೆ ಯಾವ ರೈತ ಮತ್ತೆ ಹಸಿ ಯಕೃತ್ತು ಎಸೆದಾನು? 1996ರಲ್ಲಿ ಟಾಸ್ಮೇನಿಯಾ ತಾತ್ಕಾಲಿಕವಾಗಿ ಹೈಡಾಟಿಡ್ ಮುಕ್ತ ಎಂದು ಘೋಷಣೆಯಾಯಿತು. ಅದೇ ವರ್ಷ ಮೆಲ್ಬರ್ನಿನ ಲೈಟೌಲರ್ಸ್ ಮತ್ತು ಸಂಗಡಿಗರು ಕುರಿಗಳಿಗೆ ಹಾಕುವ ಇಜಿ95 ಎಂಬ ಲಸಿಕೆಯ ಫಲಿತಾಂಶ ಪ್ರಕಟಿಸಿದರು.

ನಾಯಿಯ ಕಥೆ ಇಷ್ಟಕ್ಕೆ ತಿಳಿಯಾಯಿತು. ಮನುಷ್ಯನೊಳಗಿನ ಗಡ್ಡೆಯದೇ ಬಗೆಹರಿಯದ ಒಗಟು. ಕೈಗೆ ಒಂದು ಮುಳ್ಳು ಚುಚ್ಚಿದರೆ ನಮ್ಮ ಮೈ ಎಷ್ಟು ಗಲಾಟೆ ಮಾಡುತ್ತದೆ, ಊತ, ಕೀವು, ಜ್ವರ. ಹೀಗಿರುವಾಗ ಎಂಟು ಸೆಂಟಿಮೀಟರಿನ ಪರಕೀಯ ಜೀವ ಹತ್ತು ವರ್ಷ ಯಕೃತ್ತಿನಲ್ಲಿ ಕೂತರೂ ಮೈ ಯಾಕೆ ಸುಮ್ಮನಿರುತ್ತದೆ? ಗಡ್ಡೆಯ ಸುತ್ತ ದಪ್ಪ ಗೋಡೆ ಇರುವುದರಿಂದ ಹುಳು ಅಡಗಿ ಕೂತಿದೆ ಎಂಬುದು ಹಳೆಯ ಉತ್ತರ. ಅದು ಅರ್ಧ ಸತ್ಯ. 2013ರಲ್ಲಿ ಈ ಹುಳುವಿನ ಜೀನೋಮ್ ಪ್ರಕಟವಾಯಿತು. ಆ ಕೆಲಸದಲ್ಲಿ ಚೀನಾದವರ ಜೊತೆ ಬ್ರಿಸ್ಬೇನಿನ ಹರ್ಸ್‌ಟನ್‌ನಲ್ಲಿರುವ ಕ್ಯೂಐಎಂಆರ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಲಾಡಿಹುಳುಗಳಿಗೆ ಬಾಯಿಯಿಲ್ಲ, ಕರುಳಿಲ್ಲ. ಕೊಬ್ಬಿನ ಆಮ್ಲವನ್ನೂ ಕೊಲೆಸ್ಟರಾಲನ್ನೂ ತಾವೇ ತಯಾರಿಸುವ ಶಕ್ತಿಯನ್ನೂ ಕಳೆದುಕೊಂಡಿವೆ ಎಂದು ಅವುಗಳ ಜೀನುಗಳೇ ಹೇಳಿದವು. ಎಲ್ಲವನ್ನೂ ಮನೆಯವನಿಂದಲೇ ಪಡೆಯಬೇಕು. ಬಾಗಿಲು ಹಾಕಿಕೊಂಡು ಅಡಗಿ ಕೂತವನಿಗೆ ಇದು ಸಾಧ್ಯವಿಲ್ಲ. ಕೊಡು ಕೊಳ್ಳು ನಡೆಯುತ್ತಲೇ ಇರಬೇಕು.

ಆ ವ್ಯವಹಾರದ ಒಂದು ದಾರಿ ಸಿಕ್ಕಿದ್ದು ಹುಳುವಿಗೆ ಸಂಬಂಧವೇ ಇಲ್ಲದ ಕಡೆ. 1967ರಲ್ಲಿ ಪೀಟರ್ ವುಲ್ಫ್ ಎಂಬವರು ಮನುಷ್ಯನ ರಕ್ತದಲ್ಲಿ ಕಿರುಬಿಲ್ಲೆಗಳಿಂದ ಉದುರಿದ ಅತಿ ಸಣ್ಣ ಕಣಗಳನ್ನು ಕಂಡು ಅವಕ್ಕೆ ಕಿರುಬಿಲ್ಲೆಯ ಧೂಳು ಎಂದರು. 1983ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ರೋಸ್ ಜಾನ್‌ಸ್ಟನ್ ಅವರ ಪ್ರಯೋಗಾಲಯದವರು ಎಳೆಯ ಕೆಂಪು ರಕ್ತಕಣಗಳು ಸಣ್ಣಸಣ್ಣ ಚೀಲಗಳನ್ನು ಹೊರಗೆ ಹಾಕುವುದನ್ನು ನೋಡಿದರು. ಆ ರಕ್ತ ಯಾವ ಪ್ರಾಣಿಯದು ಗೊತ್ತೇ? ಕುರಿಯದು. ಎಕ್ಸೋಸೋಮ್ ಎಂಬ ಹೆಸರು ಆ ಚೀಲಗಳಿಗೆ ಅಂಟಿದ್ದು ಅವರಿಂದ. ಆಗ ಇವನ್ನು ಕಸದ ಬುಟ್ಟಿ ಎಂದುಕೊಂಡರು: ಜೀವಕೋಶ ತನಗೆ ಬೇಡದ್ದನ್ನು ಕಟ್ಟಿ ಎಸೆಯುತ್ತಿದೆ, ಅಷ್ಟೇ.

2007ರಲ್ಲಿ ಸ್ವೀಡನ್ನಿನವರು ತೋರಿಸಿದ ಮೇಲೆ ಆ ಅಭಿಪ್ರಾಯ ತಿರುಗಿತು. ಒಂದು ಜೀವಕೋಶದ ಚೀಲ ಇನ್ನೊಂದನ್ನು ಸೇರುತ್ತದೆ, ಅದರೊಳಗಿನ ಆರ್‌ಎನ್‌ಎ ಎಂಬ ಆಜ್ಞಾಪತ್ರವನ್ನು ಸೇರಿಸಿಕೊಂಡ ಕೋಶ ಓದಿ ಅದರಂತೆ ನಡೆಯಬಲ್ಲದು. ಈಗ ಇವನ್ನೆಲ್ಲ ಒಟ್ಟಾಗಿ ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್ ಎನ್ನುತ್ತಾರೆ, ಅಂದರೆ ಕೋಶದ ಹೊರಗೆ ಓಡಾಡುವ ಕಿರುಚೀಲ. ತಲೆಗೂದಲಿನ ದಪ್ಪದಲ್ಲಿ ನೂರಾರನ್ನು ಸಾಲಾಗಿ ಇಡಬಹುದು, ಅಷ್ಟು ಸಣ್ಣವು.

ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ರೂಮಿನಲ್ಲಿ ಯಾರಾದರೂ ರಜೆಗೆ ಹೊರಟರೆ ನಾವೇನು ಮಾಡುತ್ತೇವೆ? ಖರ್ಜೂರ, ಸೋಪು, ಒಂದು ಮೊಬೈಲು, ಅಮ್ಮನಿಗೆ ಒಂದು ಚೀಟಿ ಎಲ್ಲ ಸೇರಿಸಿ ಕಂದು ಟೇಪು ಸುತ್ತಿ ಮಾರ್ಕರಿನಲ್ಲಿ ಹೆಸರು ಬರೆದು ಅವನ ಕೈಯಲ್ಲಿ ಕೊಡುತ್ತೇವೆ. ಮನೆಯವರು ಪೊಟ್ಟಣದ ಮೇಲಿನ ಹೆಸರು ನೋಡಿ ಒಳಗೆ ತೆಗೆದುಕೊಳ್ಳುತ್ತಾರೆ, ಚೀಟಿಯಲ್ಲಿ ಬರೆದಂತೆ ಮಾಡುತ್ತಾರೆ. ಕಿರುಚೀಲವೂ ಅಂಥ ಪೊಟ್ಟಣವೇ. ಹೊರಗೆ ಗುರುತಿನ ಪ್ರೋಟೀನು, ಒಳಗೆ ಸಾಮಾನು ಮತ್ತು ಚೀಟಿ. ಪೊಟ್ಟಣ ಕಟ್ಟಿದವನು ಮಗನಲ್ಲ, ಮನೆಗೆ ಕನ್ನ ಹಾಕಿದವನು ಎಂದಾದರೆ?

ಹುಳುಗಳೂ ಹೀಗೆ ಪೊಟ್ಟಣ ಕಳಿಸುತ್ತವೆ ಎಂದು 2012ರಲ್ಲಿ ಸ್ಪೇನಿನ ಮಾರ್ಸಿಯಾ ಮತ್ತು ಸಂಗಡಿಗರು ತೋರಿಸಿದರು. ಅವರು ನೋಡಿದ್ದು ಎಲೆಹುಳುಗಳನ್ನು. ಲಾಡಿಹುಳುಗಳ ಸರದಿ ಸ್ವಲ್ಪ ತಡವಾಗಿ ಬಂತು. 2017ರಲ್ಲಿ ಸ್ಪೇನಿನವರೇ ಕುರಿಯ ಹೈಡಾಟಿಡ್ ಗಡ್ಡೆಯ ನೀರಿನಲ್ಲಿ ಕಿರುಚೀಲಗಳನ್ನು ಹಿಡಿದರು. ಅವುಗಳಲ್ಲಿ ಹುಳುವಿನ ಪ್ರೋಟೀನಿನ ಜೊತೆಗೆ ಕುರಿಯ ಪ್ರೋಟೀನೂ ಇದ್ದವು, ಅಂದರೆ ಸಾಗಾಟ ಎರಡೂ ಕಡೆಯಿಂದ. 2019ರಲ್ಲಿ ಅರ್ಜೆಂಟೀನಾದವರು ಹುಳುತಲೆಗಳನ್ನು ಪಾತ್ರೆಯಲ್ಲಿ ಬೆಳೆಸಿ, ಅವು ಬಿಟ್ಟ ಚೀಲಗಳನ್ನು ಇಲಿಯ ಡೆಂಡ್ರಿಟಿಕ್ ಕೋಶಗಳಿಗೆ ಕೊಟ್ಟರು. ಡೆಂಡ್ರಿಟಿಕ್ ಕೋಶವೆಂದರೆ ನಮ್ಮ ಮೈಯ ವಾಚ್‌ಮನ್: ಕಳ್ಳನನ್ನು ಕಂಡು ಮಿಕ್ಕವರನ್ನು ಎಬ್ಬಿಸುವ ಕೆಲಸ ಅದರದು. ಆ ವಾಚ್‌ಮನ್ ಪೊಟ್ಟಣವನ್ನು ಒಳಗೆ ತೆಗೆದುಕೊಂಡ, ಅವನ ವರ್ತನೆಯೂ ಬದಲಾಯಿತು. ಅದೇ ವರ್ಷ ಚೀನಾದವರು ರೋಗಿಗಳ ಗಡ್ಡೆಯಿಂದ ತೆಗೆದ ಚೀಲಗಳನ್ನು ಪರೀಕ್ಷಿಸಿದರು. ಅವು ಸೇರಿದಾಗ ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಹೆಚ್ಚುವುದು ತಗ್ಗಿತು.

ಗಾಜಿನ ಪಾತ್ರೆ ಮನುಷ್ಯನ ಯಕೃತ್ತಲ್ಲ, ಇಲಿ ಮನುಷ್ಯನಲ್ಲ. ಔಷಧದ ಅಂಗಡಿಯಲ್ಲಿ ಇಪ್ಪತ್ತು ವರ್ಷ ನಿಂತವಳಿಗೆ ಇಷ್ಟು ಎಚ್ಚರ ಇದ್ದೇ ಇದೆ. ಗಡ್ಡೆಯ ಗೋಡೆ, ನೀರಿನಲ್ಲಿರುವ ಬೇರೆ ಪ್ರೋಟೀನುಗಳು ಕೂಡ ಈ ಮೌನದಲ್ಲಿ ಪಾಲುದಾರರು. ಆದರೆ ಒಂದು ಸಂಗತಿ ನನ್ನ ತಲೆಯಲ್ಲಿ ಕೂತಿತು. ಸುಮ್ಮನಿರುವ ಗಡ್ಡೆ ಮಲಗಿದ ಗಡ್ಡೆಯಲ್ಲ. ಒಳಗೆ ಹುಳು ಹಗಲಿರುಳು ಕೆಲಸ ಮಾಡುತ್ತಿದೆ, ನಮ್ಮ ಮೈಯನ್ನು ಸಮಾಧಾನಪಡಿಸುತ್ತಿದೆ. ಕೊಪ್ಪಳದ ಹುಡುಗನಿಗೆ ನೋವಿಲ್ಲದಿದ್ದುದು ಹುಳು ಸತ್ತದ್ದರಿಂದಲ್ಲ, ಅದರ ಮಾತು ನಡೆಯುತ್ತಿದ್ದುದರಿಂದ.

ಮಾತ್ರೆ ಯಾಕೆ ತಿಂಗಳುಗಟ್ಟಲೆ ಎಂಬುದಕ್ಕೂ ಉತ್ತರ ಇಲ್ಲಿದೆ. ಶಾಲೆಯಲ್ಲಿ ಕೊಟ್ಟ ಒಂದು ಆಲ್ಬೆಂಡಜೋಲ್ ಕರುಳಿನಲ್ಲೇ ಇರುವ ಹುಳುವಿಗೆ ಸಾಕು. ಯಕೃತ್ತಿನ ಗಡ್ಡೆಗೆ ಅದು ರಕ್ತ ಸೇರಿ, ಗೋಡೆ ದಾಟಿ, ಒಳಗಿನ ಪದರವನ್ನು ಮುಟ್ಟಬೇಕು. ಬರಿ ಹೊಟ್ಟೆಯಲ್ಲಿ ನುಂಗಿದರೆ ಈ ಔಷಧ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಜಿಡ್ಡಿನ ಊಟದ ಜೊತೆ ನುಂಗಿದರೆ ಐದು ಪಟ್ಟಿನವರೆಗೆ ಹೆಚ್ಚು ಸೇರುತ್ತದೆ. ನಮ್ಮ ಹುಡುಗ ಆ ಮೂರು ವಾರವೂ ನುಂಗಿದ್ದು ಒಣ ಕುಬ್ಬೂಸು, ಸುಲೈಮಾನಿ ಚಹಾದ ಜೊತೆ. ಅವನ ಪಾಲಿಗೆ ಅದು ಊಟವೇ, ನನ್ನ ಚೀಟಿಯಲ್ಲೂ ಅಷ್ಟೇ ಇತ್ತು. ಈಗ ನಾನು 'ಮೊಟ್ಟೆ, ತುಪ್ಪ ಅಥವಾ ಎಣ್ಣೆಯ ಸಾರಿನ ಜೊತೆ' ಎಂದು ಬರೆಯುತ್ತೇನೆ. ಯಕೃತ್ತಿನ ಪರೀಕ್ಷೆ, ರಕ್ತದ ಎಣಿಕೆ ಆಗಾಗ ಮಾಡಿಸಬೇಕು, ಡಾಕ್ಟರು ನಿಲ್ಲಿಸು ಅನ್ನುವವರೆಗೆ ನಿಲ್ಲಿಸಬಾರದು ಎಂದು ಬಾಯಲ್ಲೂ ಹೇಳುತ್ತೇನೆ. ಸಾಲಿನಲ್ಲಿರುವವರು ಗೊಣಗಿದರೆ ಗೊಣಗಲಿ.

ಇನ್ನು ಎಲ್ಲಿಂದ ಬಂತು ಎಂಬ ಪ್ರಶ್ನೆ. ಈ ಗಡ್ಡೆ ವರ್ಷಕ್ಕೆ ಒಂದರಿಂದ ಐದು ಸೆಂಟಿಮೀಟರ್ ಬೆಳೆಯಬಹುದು. ಎಂಟು ಸೆಂಟಿಮೀಟರ್ ಅಂದರೆ ಎರಡು ವರ್ಷದ್ದೂ ಆಗಬಹುದು, ಎಂಟು ವರ್ಷದ್ದೂ ಆಗಬಹುದು. ಅವನು ಇಲ್ಲಿಗೆ ಬಂದು ಆರು ವರ್ಷವಾಗಿತ್ತು, ಅದಕ್ಕೆ ಮೊದಲು ಊರಲ್ಲಿ ಅಪ್ಪನ ಕುರಿ ಕಾಯುತ್ತಿದ್ದ. ಎರಡೂ ಕಡೆ ಕುರಿ, ಎರಡೂ ಕಡೆ ನಾಯಿ. ನಮ್ಮ ಊರುಗಳಲ್ಲಿ ಭಾನುವಾರ ಮಟನ್ ಅಂಗಡಿಯ ಮುಂದೆ ಗಿರಾಕಿಗಳಿಗಿಂತ ಮೊದಲೇ ಸಾಲು ನಿಲ್ಲುವವು ನಾಯಿಗಳು. ಕೊಲ್ಲಿಯ ಸುತ್ತಮುತ್ತ ಕುರಿ, ಒಂಟೆಗಳಲ್ಲಿ ಈ ಗಡ್ಡೆ ಹೊಸದೇನಲ್ಲ. ಇಲ್ಲಿನ ಕುರಿಗಳಾದರೂ ಎಲ್ಲಿಯವು? ಆಸ್ಟ್ರೇಲಿಯಾದ ಪರ್ತ್ ಪಕ್ಕದ ಫ್ರೀಮ್ಯಾಂಟಲ್ ಬಂದರಿನಿಂದ ದಶಕಗಳ ಕಾಲ ಜೀವಂತ ಕುರಿ ತುಂಬಿದ ಹಡಗುಗಳು ಕೊಲ್ಲಿಗೆ ಬಂದಿವೆ. ಆ ದೇಶ 2024ರಲ್ಲಿ ಕಾನೂನು ಮಾಡಿದೆ, 2028ರ ಮೇ 1ರಿಂದ ಆ ಹಡಗುಗಳು ಇಲ್ಲ. ಹಡಗಿನ ಕುರಿಯಿಂದ ನೇರವಾಗಿ ಮನುಷ್ಯನಿಗೆ ಏನೂ ಅಂಟುವುದಿಲ್ಲ, ನಡುವೆ ನಾಯಿ ಬೇಕೇ ಬೇಕು. ಬಲದಿಯಾ ಕಸಾಯಿಖಾನೆಗಳಲ್ಲಿ ಪಶುವೈದ್ಯರು ಯಕೃತ್ತು, ಶ್ವಾಸಕೋಶ ನೋಡಿ ಗಡ್ಡೆ ಇದ್ದುದನ್ನು ಬೇರೆ ತೆಗೆಯುವುದು ಅದಕ್ಕೇ. ಹಬ್ಬದ ದಿನ ಫಾರ್ಮಿನ ಹಿಂದೆ, ಕ್ಯಾಂಪಿನ ಬೇಲಿಯ ಬಳಿ ಕೊಯ್ದಾಗ ಆ ಕಣ್ಣು ಇರುವುದಿಲ್ಲ.

ಇದನ್ನೆಲ್ಲ ಅವನ ಕೆಲಸದ ಕಡೆಯವರಿಗೆ ಕೂರಿಸಿ ಹೇಳುವ ಅವಕಾಶ ನನಗೆ ಸಿಗಲಿಲ್ಲ. ಅವನಿಗೆ ಹೇಳಿದೆ. "ಹಂಗಾರ ನಾ ತಂದಿದ್ದು ಅಂತ ಗ್ಯಾರಂಟಿ ಇಲ್ಲೇನ್ರಿ?" ಎಂದು ಎರಡು ಸಲ ಕೇಳಿದ.

ಕರಾರು ಮುಗಿಸಿ ಅವನು ಈಗ ಊರಿನಲ್ಲಿದ್ದಾನೆ. ಮಾತ್ರೆಯ ಕೋರ್ಸು ಪೂರ್ತಿಯಾಗಿದೆ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಾನೆ. ನಾನು ಬ್ರಿಸ್ಬೇನಿನಿಂದ ವಾಪಸು ಬಂದ ವಾರ ಫೋನು ಮಾಡಿದ್ದ. "ಅಕ್ಕಾರ, ಕುರಿ ಕಾಯಾಕ ನಾಯಿ ಐತಿ. ಬಿಟ್ಟು ಬರ್ಲೇನು, ಇಟ್ಕೊಳ್ಲೇನು?" ಇಟ್ಟುಕೋ ಅಂದೆ. ಹಸಿ ಯಕೃತ್ತು, ಶ್ವಾಸಕೋಶ ಹಾಕಬೇಡ, ಆಳವಾಗಿ ಹೂಳು, ನಾಯಿ ಕೆದರದಂತೆ ಮೇಲೆ ಕಲ್ಲಿಡು. ನಾಯಿ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆ, ಮಕ್ಕಳಿಗೂ ತೊಳೆಸು. ಮೊಟ್ಟೆಯಿಡುವಷ್ಟು ಹುಳು ಬೆಳೆಯಲು ಸುಮಾರು ಆರು ವಾರ ಬೇಕು, ಅಷ್ಟರೊಳಗೆ ಪಶು ಆಸ್ಪತ್ರೆಯವರನ್ನು ಕೇಳಿ ಮಾತ್ರೆ ಹಾಕುತ್ತಿರು. ಮಾತ್ರೆಯ ಹೆಸರನ್ನು ವಾಟ್ಸಾಪಿನಲ್ಲಿ ಕನ್ನಡದಲ್ಲೇ ಬರೆದು ಕಳಿಸಿದೆ.

ಎರಡು ದಿನ ಬಿಟ್ಟು ಮಾತ್ರೆಯ ಪಟ್ಟಿಯ ಫೋಟೋ ಬಂತು. 50 ಮಿಲಿಗ್ರಾಂನದು. ಕೆಳಗೆ ಅವನ ಪ್ರಶ್ನೆ: ನಾಯಿ 18 ಕಿಲೋ ಐತಿ, ಎಷ್ಟು ಹಾಕ್ಲಿ? ಹತ್ತು ಕಿಲೋಗೆ ಒಂದು, ನಿನ್ನ ನಾಯಿಗೆ ಎರಡು, ಡಾಕ್ಟರಿಗೂ ಒಮ್ಮೆ ತೋರಿಸು ಎಂದು ಬರೆದೆ.